ತಾರೆಗಳ ತಂಡದಲ್ಲೊಬ್ಬ ಕಾಲೇಜು ಹುಡುಗ

1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಆಡಿದ ಅಮೆರಿಕದ ಬಾಸ್ಕೆಟ್‌ಬಾಲ್ ತಂಡವನ್ನು ಜಗತ್ತು 'ಡ್ರೀಮ್ ಟೀಮ್' ಎಂದು ಕರೆಯಿತು. ಆ ತಂಡದಲ್ಲಿ ಯಾರು ಯಾರಿದ್ದರು ಎಂದು ಕೇಳಿದರೆ ಆಟದ ಗೀಳಿರುವವರು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ: ಮೈಕೆಲ್ ಜೋರ್ಡಾನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್, ಚಾರ್ಲ್ಸ್ ಬಾರ್ಕ್ಲಿ, ಕಾರ್ಲ್ ಮಲೋನ್, ಜಾನ್ ಸ್ಟಾಕ್ಟನ್, ಪ್ಯಾಟ್ರಿಕ್ ಯೂಯಿಂಗ್, ಡೇವಿಡ್ ರಾಬಿನ್ಸನ್, ಸ್ಕಾಟಿ ಪಿಪ್ಪೆನ್, ಕ್ರಿಸ್ ಮಲಿನ್, ಕ್ಲೈಡ್ ಡ್ರೆಕ್ಸ್ಲರ್. ಇಷ್ಟಾದರೆ ಹನ್ನೊಂದು. ಹನ್ನೆರಡನೆಯ ಹೆಸರಿಗೆ ಬಂದಾಗ ಮಾತ್ರ ಬಹಳ ಮಂದಿ ತಡವರಿಸುತ್ತಾರೆ.

ಆ ಹನ್ನೆರಡನೆಯವನು ಕ್ರಿಶ್ಚಿಯನ್ ಲೇಟ್ನರ್. ವಯಸ್ಸು 22. ಉಳಿದ ಹನ್ನೊಂದು ಮಂದಿಯೂ ಎನ್.ಬಿ.ಎ. ಎಂಬ ವೃತ್ತಿಪರ ಲೀಗಿನ ಪ್ರಸಿದ್ಧರು. ಲೇಟ್ನರ್ ಒಬ್ಬನೇ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ತನ್ನ ಕೊನೆಯ ವರ್ಷ ಆಡಿ ಮುಗಿಸಿದ್ದವನು. ಹಾಗೆಂದು ಅವನು ಸಾಮಾನ್ಯ ಆಟಗಾರನೇನೂ ಅಲ್ಲ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲಿನಲ್ಲಿ ಆ ವರ್ಷ ಅವನಷ್ಟು ದೊಡ್ಡ ಹೆಸರು ಇನ್ನೊಂದಿರಲಿಲ್ಲ. ಅಂಥವನು ತನಗಿಂತಲೂ ದೊಡ್ಡವರೇ ತುಂಬಿದ ತಂಡಕ್ಕೆ ಹೋದಾಗ ಏನಾಗುತ್ತದೆ? ತನ್ನ ಕಾಲೇಜಿಗೆ ಹೀರೋ ಆಗಿದ್ದು, ವಿಶ್ವವಿದ್ಯಾಲಯದ ಅಥವಾ ರಾಜ್ಯದ ತಂಡಕ್ಕೆ ಆಯ್ಕೆಯಾಗಿ ಬೆಂಚಿನ ತುದಿಯಲ್ಲಿ ಕುಳಿತು ಬಂದ ಯಾವ ವಿದ್ಯಾರ್ಥಿಗೂ ಇದು ತನ್ನದೇ ಪ್ರಶ್ನೆ ಅನ್ನಿಸಬೇಕು.

ಮೊದಲು ಅವನು ಅಲ್ಲಿಗೆ ಬಂದದ್ದು ಹೇಗೆಂದು ನೋಡೋಣ. ಒಲಿಂಪಿಕ್ಸ್‌ನ ಬಾಸ್ಕೆಟ್‌ಬಾಲಿಗೆ ಎನ್.ಬಿ.ಎ. ಆಟಗಾರರಿಗೆ ಬಹುಕಾಲ ಪ್ರವೇಶವಿರಲಿಲ್ಲ. ಅಮೆರಿಕ ತನ್ನ ಕಾಲೇಜು ಹುಡುಗರನ್ನು ಕಳಿಸುತ್ತಿತ್ತು. ಸಾಮಾನ್ಯವಾಗಿ ಅವರೇ ಚಿನ್ನ ತರುತ್ತಿದ್ದರು. 1972ರ ಮ್ಯೂನಿಕ್ ಫೈನಲ್‌ನಲ್ಲಿ ಸೋವಿಯತ್ ಒಕ್ಕೂಟಕ್ಕೆ 51-50ರಿಂದ ಸೋತದ್ದು ದೊಡ್ಡ ವಿವಾದವಾಯಿತು. 1988ರಲ್ಲಿ ಸೋಲ್‌ನ ಸೆಮಿಫೈನಲ್‌ನಲ್ಲಿ ಅದೇ ಎದುರಾಳಿಗೆ 82-76ರಿಂದ ಸೋತಾಗ ವಿವಾದಕ್ಕೆ ಅವಕಾಶವೇ ಇರಲಿಲ್ಲ. ಮರುವರ್ಷ, ಅಂದರೆ 1989ರ ಏಪ್ರಿಲ್‌ನಲ್ಲಿ, ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ 56ಕ್ಕೆ 13 ಮತಗಳಿಂದ ವೃತ್ತಿಪರರಿಗೆ ಬಾಗಿಲು ತೆರೆಯಿತು. ಇಲ್ಲೊಂದು ತಮಾಷೆಯಿದೆ. ಸೋಲಿನ ಸಿಟ್ಟಿಗೆ ಅಮೆರಿಕವೇ ಈ ಬದಲಾವಣೆ ತಂದಿತೆಂದು ಹಲವರು ನಂಬಿದ್ದಾರೆ. ವಾಸ್ತವವಾಗಿ ವಿರುದ್ಧ ಮತ ಹಾಕಿದ ಹದಿಮೂರರಲ್ಲಿ ಅಮೆರಿಕದ ಸಂಸ್ಥೆಯೂ ಒಂದು!

ಬಾಗಿಲು ತೆರೆದ ಮೇಲೆ ತಾರೆಗಳನ್ನು ಆರಿಸುವುದೇನೂ ಕಷ್ಟವಾಗಲಿಲ್ಲ. 1991ರ ಸೆಪ್ಟೆಂಬರ್‌ನಲ್ಲಿ ಹತ್ತು ಹೆಸರುಗಳು ಹೊರಬಿದ್ದವು. ಉಳಿದ ಎರಡು ಸ್ಥಾನಗಳನ್ನು 1992ರ ಮೇ ತಿಂಗಳಲ್ಲಿ ತುಂಬಿದರು: ಒಂದಕ್ಕೆ ಡ್ರೆಕ್ಸ್ಲರ್, ಇನ್ನೊಂದಕ್ಕೆ ಲೇಟ್ನರ್. ಅರ್ಧ ಶತಮಾನ ಒಲಿಂಪಿಕ್ಸ್‌ನ ಭಾರ ಹೊತ್ತಿದ್ದ ಕಾಲೇಜು ಆಟಕ್ಕೆ ಕೊನೆಗೆ ಉಳಿದದ್ದು ಒಂದು ಕುರ್ಚಿ.

ಆ ಒಂದು ಕುರ್ಚಿಗೆ ಪೈಪೋಟಿಯೂ ಇತ್ತು. ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಶಕೀಲ್ ಓನೀಲ್ ಎಂಬ ದೈತ್ಯ ಆಗ ಎಲ್ಲರ ಬಾಯಲ್ಲೂ ಇದ್ದ. ಎತ್ತರ 2.16 ಮೀಟರ್, ಅದಕ್ಕೆ ತಕ್ಕ ಮೈಕಟ್ಟು. ಅವನು ಬುಟ್ಟಿಯ ಕೆಳಗೆ ನಿಂತರೆ ಅಲುಗಾಡಿಸುವವರಿರಲಿಲ್ಲ. ಮುಂದೆ ಯಾರು ದೊಡ್ಡ ಆಟಗಾರನಾಗುತ್ತಾನೆ ಎಂದು ಕೇಳಿದ್ದರೆ ಹೆಚ್ಚಿನವರು ಓನೀಲ್ ಎಂದೇ ಹೇಳುತ್ತಿದ್ದರು. ಅದು ನಿಜವೂ ಆಯಿತು. ಆದರೂ ಸಮಿತಿ ಲೇಟ್ನರ್‌ನನ್ನು ಆರಿಸಿತು.

ಅವನ ದಾಖಲೆ ಅಂಥದ್ದು. ನಾಲ್ಕು ವರ್ಷ ಡ್ಯೂಕ್‌ಗೆ ಆಡಿ, ನಾಲ್ಕು ವರ್ಷವೂ ತಂಡವನ್ನು ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯ ಕೊನೆಯ ನಾಲ್ಕರ ಹಂತದಲ್ಲಿ ಕಂಡಿದ್ದ. 1991 ಮತ್ತು 1992ರಲ್ಲಿ ಪ್ರಶಸ್ತಿ ಗೆದ್ದಿದ್ದ. ಆ ಪಂದ್ಯಾವಳಿಯಲ್ಲಿ ಅವನು ಒಟ್ಟು ಗಳಿಸಿದ 407 ಪಾಯಿಂಟ್ ಹೊಸ ದಾಖಲೆಯಾಗಿತ್ತು. 1990ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ 1991ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲೂ ಅಮೆರಿಕಕ್ಕೆ ಆಡಿ ಎರಡು ಬಾರಿ ಕಂಚು ತಂದಿದ್ದ. ಅಂದರೆ ಹೊರದೇಶದವರ ಆಟದ ರೀತಿ ಅವನಿಗೆ ಹೊಸದಲ್ಲ.

ಎಲ್ಲಕ್ಕಿಂತ ಮಿಗಿಲಾಗಿ 1992ರ ಮಾರ್ಚ್ 28ರ ಪಂದ್ಯವಿತ್ತು. ಫಿಲಡೆಲ್ಫಿಯಾದಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಎದುರು ಹೆಚ್ಚುವರಿ ಸಮಯಕ್ಕೆ ಹೋದ ಆಟ. ಉಳಿದಿರುವುದು 2.1 ಸೆಕೆಂಡು, ಡ್ಯೂಕ್ ಒಂದು ಪಾಯಿಂಟ್ ಹಿಂದೆ. ಗ್ರಾಂಟ್ ಹಿಲ್ ಎಂಬ ಸಹ ಆಟಗಾರ ಅಂಕಣದ ಆ ತುದಿಯಿಂದ ಚೆಂಡನ್ನು ಬೀಸಿ ಎಸೆದ. ಬುಟ್ಟಿಗೆ ಬೆನ್ನು ಮಾಡಿ ನಿಂತಿದ್ದ ಲೇಟ್ನರ್ ಅದನ್ನು ಹಿಡಿದು, ಒಮ್ಮೆ ನೆಲಕ್ಕೆ ಪುಟಿಸಿ, ತಿರುಗಿ ಹೊಡೆದ. 104-103. ಆ ದಿನ ಅವನು ಬುಟ್ಟಿಗೆ ಎಸೆದದ್ದು ಹತ್ತು ಬಾರಿ, ಹತ್ತೂ ಒಳಗೆ. ಫ್ರೀ ಥ್ರೋ ಹತ್ತು, ಹತ್ತೂ ಒಳಗೆ. ಇದೇ ಪಂದ್ಯದಲ್ಲಿ ಕೆಳಗೆ ಬಿದ್ದ ಎದುರಾಳಿಯೊಬ್ಬನ ಎದೆಯ ಮೇಲೆ ಕಾಲಿಟ್ಟು ಬೈಸಿಕೊಂಡದ್ದೂ ಉಂಟು. ಸೌಮ್ಯ ಸ್ವಭಾವದ ಹುಡುಗನಲ್ಲ ಅವನು. 2015ರಲ್ಲಿ ಇ.ಎಸ್.ಪಿ.ಎನ್. ವಾಹಿನಿಯವರು ಜನ ಅವನನ್ನು ಯಾಕಿಷ್ಟು ದ್ವೇಷಿಸುತ್ತಾರೆ ಎಂಬುದನ್ನೇ ವಸ್ತುವಾಗಿಸಿಕೊಂಡು ಸಾಕ್ಷ್ಯಚಿತ್ರ ತೆಗೆದರೆಂದರೆ ನೀವೇ ಊಹಿಸಿ.

ಇಂಥವನು ಬಾರ್ಸಿಲೋನಾದ ಎಂಟು ಪಂದ್ಯಗಳಲ್ಲಿ ಸರಾಸರಿ ಗಳಿಸಿದ್ದು 4.8 ಪಾಯಿಂಟ್. ಕಾಲೇಜಿನ ಕೊನೆಯ ವರ್ಷದ ಸರಾಸರಿ 21.5. ನಾಲ್ಕು ತಿಂಗಳಲ್ಲಿ ಆಟ ಮರೆತುಹೋಯಿತೇ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಕಾಗದ, ಪೆನ್ಸಿಲ್ ಹಿಡಿದರೆ ಒಳ್ಳೆಯದು.

ಒಲಿಂಪಿಕ್ಸ್‌ನ ಒಂದು ಪಂದ್ಯ 40 ನಿಮಿಷದ್ದು. ಒಂದು ತಂಡದ ಐವರು ಏಕಕಾಲಕ್ಕೆ ಆಡುತ್ತಾರೆ. ಆದ್ದರಿಂದ ತರಬೇತುದಾರನ ಕೈಯಲ್ಲಿ ಹಂಚಲು ಇರುವುದು 200 ನಿಮಿಷ. ಹನ್ನೆರಡು ಜನರಿಗೆ ಸಮನಾಗಿ ಹಂಚಿದರೆ ತಲೆಗೆ 16 ನಿಮಿಷ 40 ಸೆಕೆಂಡು. ಇದು ಅಂಕಣದಲ್ಲಿರುವ ಸಮಯ. ಚೆಂಡು ಕೈಯಲ್ಲಿರುವ ಸಮಯವೇ ಬೇರೆ. ಸುಮಾರಾಗಿ ಅರ್ಧ ಹೊತ್ತು ಚೆಂಡು ಎದುರಾಳಿಯ ಬಳಿ ಇರುತ್ತದೆ ಎಂದುಕೊಳ್ಳಿ. ನಮಗುಳಿಯುವುದು 20 ನಿಮಿಷ. ಅದನ್ನು ಐವರಿಗೆ ಹಂಚಿದರೆ ತಲಾ ನಾಲ್ಕು ನಿಮಿಷ. ಇಡೀ ಪಂದ್ಯ ಆಡಿದವನ ಕೈಯಲ್ಲೂ ಚೆಂಡು ಇರುವುದು ಅಷ್ಟೇ! ನಮ್ಮ ಹನ್ನೆರಡನೆಯವನು ತನ್ನ ಪಾಲಿನ 16 ನಿಮಿಷ 40 ಸೆಕೆಂಡು ಆಡಿದರೂ ಚೆಂಡು ಅವನ ಕೈಗೆ ಬರುವುದು 1 ನಿಮಿಷ 40 ಸೆಕೆಂಡು. ವಾಸ್ತವದಲ್ಲಿ ಯಾರೂ ಸಮನಾಗಿ ಹಂಚುವುದಿಲ್ಲ. ಮ್ಯಾಜಿಕ್ ಜಾನ್ಸನ್ ಅಂಕಣದಲ್ಲಿದ್ದರೆ ಚೆಂಡು ಅವನ ಮೂಲಕವೇ ಹರಿಯಬೇಕು. ಜೋರ್ಡಾನ್ ಪಕ್ಕದಲ್ಲಿದ್ದರೆ ಅವನಿಗೆ ಕೊಡದೆ ತಾನೇ ಎಸೆಯಲು ಎದೆಗಾರಿಕೆ ಬೇಕು, ಅಥವಾ ಬುದ್ಧಿ ಕಡಿಮೆ ಇರಬೇಕು.

ನಿಯಮಗಳ ವ್ಯತ್ಯಾಸವೂ ಇದಕ್ಕೆ ಸೇರಿಕೊಳ್ಳುತ್ತದೆ. ಆ ಕಾಲದಲ್ಲಿ ಅಮೆರಿಕದ ಕಾಲೇಜು ಆಟದಲ್ಲಿ ಚೆಂಡು ಸಿಕ್ಕ ತಂಡ ಬುಟ್ಟಿಗೆ ಎಸೆಯಲು 45 ಸೆಕೆಂಡು ತೆಗೆದುಕೊಳ್ಳಬಹುದಿತ್ತು, ಒಲಿಂಪಿಕ್ಸ್‌ನಲ್ಲಿ 30 ಸೆಕೆಂಡು, ಎನ್.ಬಿ.ಎ.ಯಲ್ಲಿ 24. 45 ಸೆಕೆಂಡು ಇದ್ದಾಗ ನಾಲ್ವರು ಸೇರಿ ತಮ್ಮ ತಾರೆಗೆ ಅನುಕೂಲದ ಜಾಗ ಹುಡುಕಿ ಚೆಂಡು ತಲುಪಿಸಬಹುದು. ಸಮಯ ಕಡಿಮೆಯಾದಂತೆ ಚೆಂಡು ಯಾರಿಗಾಗಿಯೂ ಕಾಯುವುದಿಲ್ಲ.

ಹಾಗಾದರೆ ಚೆಂಡಿಲ್ಲದ ಹದಿನೈದು ನಿಮಿಷ ಅವನು ಮಾಡುವುದೇನು? ಇದೇ ಇಲ್ಲಿಯ ಮುಖ್ಯ ವಿಷಯ, ಮತ್ತು ನಾವು ದೂರದರ್ಶನದವರು ನಿಮಗೆ ತೋರಿಸದೆ ಇರುವ ವಿಷಯವೂ ಇದೇ. ನಮ್ಮ ಮುಖ್ಯ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಬುಟ್ಟಿಗೆ ಹಾಕಿದವನ ಮುಖ ಹತ್ತಿರದಿಂದ ಕಾಣುತ್ತದೆ, ಅದನ್ನೇ ಮತ್ತೊಮ್ಮೆ ನಿಧಾನಗತಿಯಲ್ಲಿ ತೋರಿಸುತ್ತೇವೆ. ಅವನಿಗೆ ದಾರಿ ಬಿಡಿಸಿಕೊಟ್ಟವನು ಆ ಚೌಕಟ್ಟಿನಿಂದ ಹೊರಗಿರುತ್ತಾನೆ.

ದಾರಿ ಬಿಡಿಸುವುದೆಂದರೆ ಹೀಗೆ. ಸಹ ಆಟಗಾರನ ಬೆನ್ನು ಹತ್ತಿ ಬರುತ್ತಿರುವ ಎದುರಾಳಿಯ ದಾರಿಯಲ್ಲಿ ಕಂಬದಂತೆ ಅಲುಗಾಡದೆ ನಿಲ್ಲುವುದು ಒಂದು ಕೆಲಸ. ಇದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಎದುರಾಳಿ ಬಂದು ಡಿಕ್ಕಿ ಹೊಡೆಯುತ್ತಾನೆ, ನೋವಾಗುತ್ತದೆ, ಅಂಕಪಟ್ಟಿಯಲ್ಲಿ ಏನೂ ದಾಖಲಾಗುವುದಿಲ್ಲ. ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಬರುವಾಗ ಎದುರಾಳಿಯನ್ನು ಬೆನ್ನಿನಿಂದ ಒತ್ತಿ ಹಿಡಿದು ತನ್ನವನೊಬ್ಬ ಅದನ್ನು ಹಿಡಿಯುವಂತೆ ಮಾಡುವುದು ಇನ್ನೊಂದು. ರೀಬೌಂಡ್ ಬರೆಯುವುದು ಹಿಡಿದವನ ಹೆಸರಿಗೆ, ಒತ್ತಿ ನಿಂತವನ ಹೆಸರಿಗಲ್ಲ.

ಮೂರನೆಯದು ಕೇವಲ ಸರಿಯಾದ ಜಾಗದಲ್ಲಿ ನಿಲ್ಲುವುದು. ಕೇಳಲು ಸುಲಭ ಅನ್ನಿಸುತ್ತದೆ. ಆದರೆ ಬುಟ್ಟಿಯ ಸುತ್ತಲಿನ ಜಾಗ ಚಿಕ್ಕದು, ಅಲ್ಲಿ ನಾಲ್ಕೈದು ಎತ್ತರದ ಮೈಗಳು ಸೇರಿದರೆ ಜೋರ್ಡಾನ್‌ಗೂ ನುಗ್ಗಲು ಸಂದು ಸಿಗುವುದಿಲ್ಲ. ಆ ಗುಂಪನ್ನು ಚದುರಿಸುವ ಉಪಾಯವೆಂದರೆ ದೂರದಿಂದ ಹೊಡೆಯಬಲ್ಲ ಒಬ್ಬ ಎತ್ತರದವನನ್ನು ಹೊರಗೆ ನಿಲ್ಲಿಸುವುದು. ಅವನನ್ನು ಬಿಟ್ಟರೆ ಮೂರು ಪಾಯಿಂಟ್ ಹೋಗುತ್ತದೆಂಬ ಹೆದರಿಕೆಗೆ ಎದುರಾಳಿಯ ಎತ್ತರದವನೂ ಹೊರಬರಬೇಕಾಗುತ್ತದೆ. ಒಳಗೆ ಅಂಗಳ ಖಾಲಿ. ಲೇಟ್ನರ್ 2.11 ಮೀಟರ್ ಎತ್ತರದವನು, ಮತ್ತು ಕಾಲೇಜಿನ ಕೊನೆಯ ವರ್ಷ ಮೂರು ಪಾಯಿಂಟಿನ ಎಸೆತಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬುಟ್ಟಿಗೆ ಹಾಕಿದವನು. ಅಂತರರಾಷ್ಟ್ರೀಯ ಆಟದಲ್ಲಿ ಆಗ ಮೂರು ಪಾಯಿಂಟಿನ ಗೆರೆ 6.25 ಮೀಟರ್ ದೂರದಲ್ಲಿತ್ತು. ಕಾಲೇಜಿನ ಗೆರೆಗಿಂತ ಒಂದು ಗೇಣು ಮಾತ್ರ ಆಚೆ. ಎನ್.ಬಿ.ಎ. ತಾರೆಗಳು ತಮ್ಮ 7.24 ಮೀಟರಿನ ಗೆರೆಯಿಂದ ಒಂದು ಮೀಟರ್ ಒಳಗೆ ಬರಬೇಕಾಗಿದ್ದರೆ, ಕಾಲೇಜು ಹುಡುಗನಿಗೆ ಅದು ಹೆಚ್ಚುಕಡಿಮೆ ತನ್ನ ಮನೆಯ ಹೊಸಿಲೇ.

ತಂಡದಲ್ಲಿ ಬುಟ್ಟಿಯ ಕೆಳಗೆ ನಿಲ್ಲಲು ಯೂಯಿಂಗ್ ಮತ್ತು ರಾಬಿನ್ಸನ್ ಇದ್ದರು. ಮೂರನೆಯ ದೈತ್ಯನಾಗಿ ಓನೀಲ್ ಬಂದಿದ್ದರೆ ಅವನಿಗೂ ಬೇಕಾಗುತ್ತಿದ್ದುದು ಅದೇ ಜಾಗ. ಸಮಿತಿಯ ಆಯ್ಕೆಯಲ್ಲಿ ಅರ್ಥವಿತ್ತು ಎಂದು ನನಗನ್ನಿಸುವುದು ಇದರಿಂದ. ಕಚೇರಿಯಲ್ಲಿ ಇಬ್ಬರು ಮೃದಂಗ ವಿದ್ವಾಂಸರು ಕುಳಿತಿರುವಾಗ ಮೂರನೆಯವರನ್ನು ಅವರೆಷ್ಟೇ ದೊಡ್ಡವರಾದರೂ ಕರೆಯುವುದಿಲ್ಲ. ಒಂದು ಘಟವೋ ಮೋರ್ಚಿಂಗೋ ಇದ್ದರೆ ಸಾಕು.

ಲೇಟ್ನರ್‌ಗೆ ಈ ಪಕ್ಕವಾದ್ಯದ ಅಭ್ಯಾಸ ಹಿಂದೆಯೇ ಒಮ್ಮೆ ಆಗಿತ್ತೆಂಬುದನ್ನು ಬಹಳ ಜನ ಗಮನಿಸುವುದಿಲ್ಲ. 1988ರಲ್ಲಿ ಅವನು ಡ್ಯೂಕ್ ಸೇರಿದಾಗ ಅಲ್ಲಿ ಡ್ಯಾನಿ ಫೆರ್ರಿ ಎಂಬ ಹಿರಿಯ ತಾರೆಯಿದ್ದ. ಮೊದಲ ವರ್ಷ ಲೇಟ್ನರ್‌ನ ಸರಾಸರಿ 8.9 ಪಾಯಿಂಟ್ ಅಷ್ಟೇ. ಫೆರ್ರಿ ಹೊರಟ ಮೇಲೆ ಅದು 16, ಬಳಿಕ 19, ಕೊನೆಗೆ 21 ದಾಟಿತು. ಅದೇ ಕಾಲೇಜಿನ ತರಬೇತುದಾರ ಮೈಕ್ ಶಶೆವ್‌ಸ್ಕಿಯವರು ಬಾರ್ಸಿಲೋನಾ ತಂಡಕ್ಕೂ ಸಹ ತರಬೇತುದಾರರಾಗಿದ್ದರು. (ಅವರ ಹೆಸರಿನ ಇಂಗ್ಲಿಷ್ ಕಾಗುಣಿತಕ್ಕೂ ಉಚ್ಚಾರಕ್ಕೂ ಸಂಬಂಧವೇ ಇಲ್ಲ, ಅಮೆರಿಕದವರೇ ಸೋತು 'ಕೋಚ್ ಕೆ' ಎನ್ನುತ್ತಾರೆ.) ಮುಖ್ಯ ತರಬೇತುದಾರರು ಚಕ್ ಡೇಲಿ.

1992ರ ಜೂನ್‌ನಲ್ಲಿ ತಂಡ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ ಅಭ್ಯಾಸಕ್ಕೆ ಸೇರಿತು. ಎದುರಾಗಿ ಆಡಲು ಆಯ್ದ ಕಾಲೇಜು ಆಟಗಾರರನ್ನು ಕರೆಸಿದ್ದರು. ಅವರಲ್ಲಿ ಕೆಂಟಕಿ ಪಂದ್ಯದ ಆ ಪಾಸ್ ಎಸೆದ ಗ್ರಾಂಟ್ ಹಿಲ್ ಇದ್ದ, ಡ್ಯೂಕ್‌ನ ಇನ್ನೊಬ್ಬ ಆಟಗಾರ ಬಾಬಿ ಹರ್ಲಿಯೂ ಇದ್ದ. ಸನ್ನಿವೇಶವನ್ನು ಯೋಚಿಸಿ ನೋಡಿ: ಎರಡು ತಿಂಗಳ ಹಿಂದೆ ಲೇಟ್ನರ್ ಜೊತೆ ಪ್ರಶಸ್ತಿ ಎತ್ತಿದ ಹುಡುಗರು ಈಗ ಆಚೆ ಬದಿ, ಅವನು ಜೋರ್ಡಾನ್ ಬದಿ. ಮೊದಲ ಅಭ್ಯಾಸ ಪಂದ್ಯದಲ್ಲಿ ಕಾಲೇಜು ಹುಡುಗರು 62-54ರಿಂದ ಗೆದ್ದುಬಿಟ್ಟರು! ತಾರೆಗಳಿಗೂ ಸೋಲಬಹುದೆಂದು ಗೊತ್ತಾಗಲಿ ಎಂದು ಡೇಲಿಯವರು ಜೋರ್ಡಾನ್‌ನನ್ನು ಹೆಚ್ಚು ಆಡಿಸದೆ ಬೇಕೆಂದೇ ಬಿಟ್ಟುಕೊಟ್ಟರೆಂದು ಶಶೆವ್‌ಸ್ಕಿಯವರು ಬಹಳ ವರ್ಷಗಳ ನಂತರ ಹೇಳಿದ್ದುಂಟು. ಮರುದಿನ ತಾರೆಗಳು ಲೆಕ್ಕ ತೀರಿಸಿಕೊಂಡರು.

ಒಲಿಂಪಿಕ್ಸ್‌ಗೆ ಮುನ್ನ ಜುಲೈನಲ್ಲಿ ಮಾಂಟೆ ಕಾರ್ಲೋದಲ್ಲಿ ಇನ್ನೊಂದು ಅಭ್ಯಾಸ ನಡೆಯಿತು. ಸ್ಟಾಕ್ಟನ್‌ಗೆ ಕಾಲಿನ ಮೂಳೆ ಪೆಟ್ಟಾಗಿತ್ತು, ಡ್ರೆಕ್ಸ್ಲರ್‌ಗೂ ನೋವಿತ್ತು. ಉಳಿದದ್ದು ಸರಿಯಾಗಿ ಹತ್ತು ಮಂದಿ. ಜೋರ್ಡಾನ್, ಪಿಪ್ಪೆನ್, ಬರ್ಡ್, ಮಲೋನ್, ಯೂಯಿಂಗ್ ಒಂದು ಕಡೆ. ಮ್ಯಾಜಿಕ್, ಬಾರ್ಕ್ಲಿ, ರಾಬಿನ್ಸನ್, ಮಲಿನ್ ಮತ್ತು ಲೇಟ್ನರ್ ಇನ್ನೊಂದು ಕಡೆ. ಮ್ಯಾಜಿಕ್ ಮತ್ತು ಜೋರ್ಡಾನ್ ನಡುವೆ ಮಾತಿನ ಜಟಾಪಟಿಯೂ ನಡೆದ ಆ ಆಟದಲ್ಲಿ ಜೋರ್ಡಾನ್ ಬಳಗ 40-36ರಿಂದ ಗೆದ್ದಿತು. ಬಾಸ್ಕೆಟ್‌ಬಾಲ್ ಚರಿತ್ರೆಯಲ್ಲಿ ಯಾರೂ ನೋಡದ ಅತ್ಯುತ್ತಮ ಪಂದ್ಯವೆಂದು ಇದನ್ನು ಬಣ್ಣಿಸುತ್ತಾರೆ. ಹನ್ನೆರಡನೆಯವನು ಆ ಬೆಳಿಗ್ಗೆ ಇಲ್ಲದಿದ್ದರೆ ಐವರ ಎದುರು ಐವರ ಆಟವೇ ನಡೆಯುತ್ತಿರಲಿಲ್ಲ.

ಬಾರ್ಸಿಲೋನಾದ ಕತೆಯನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಅಂಗೋಲಾ ಎದುರು 116-48, ಫೈನಲ್‌ನಲ್ಲಿ ಕ್ರೊಯೇಷಿಯಾ ಎದುರು 117-85. ಗೆಲುವಿನ ಸರಾಸರಿ ಅಂತರ ಸುಮಾರು 44 ಪಾಯಿಂಟ್. ಡೇಲಿಯವರು ಒಮ್ಮೆಯೂ ಟೈಮ್ ಔಟ್ ಕೇಳಲಿಲ್ಲ. ತಾರೆಗಳು ಕೂಡ ಪಕ್ಕವಾದ್ಯ ನುಡಿಸಿದ್ದಕ್ಕೆ ಒಂದೇ ಉದಾಹರಣೆ ಸಾಕು: ಕ್ರೊಯೇಷಿಯಾ ಎದುರಿನ ಮೊದಲ ಪಂದ್ಯದಲ್ಲಿ ಪಿಪ್ಪೆನ್ ಮತ್ತು ಜೋರ್ಡಾನ್ ತಾವು ಹೊಡೆಯುವುದಕ್ಕಿಂತ ಟೋನಿ ಕುಕೋಚ್ ಎಂಬ ಯುರೋಪಿನ ತಾರೆಯನ್ನು ಕಟ್ಟಿಹಾಕುವುದಕ್ಕೇ ಹಟ ತೊಟ್ಟು, ಅವನನ್ನು ನಾಲ್ಕೇ ಪಾಯಿಂಟಿಗೆ ನಿಲ್ಲಿಸಿದರು.

ಆದರೆ ವಿಜ್ಞಾನ ಓದಿದವರಿಗೆ ಇಲ್ಲೊಂದು ತೊಡಕು ಕಾಣಬೇಕು. ಲೇಟ್ನರ್ ಹೊಂದಿಕೊಂಡನೆಂಬುದಕ್ಕೆ ಈ ಗೆಲುವುಗಳು ಸಾಕ್ಷಿಯಾಗುತ್ತವೆಯೇ? ಖಂಡಿತ ಇಲ್ಲ. ಅವನ ಬದಲು ಓನೀಲ್ ಇದ್ದಿದ್ದರೂ ಅಂತರ ನಲವತ್ತೇ ಇರುತ್ತಿತ್ತು. ಆ ಕುರ್ಚಿ ಖಾಲಿ ಬಿದ್ದಿದ್ದರೂ ಚಿನ್ನ ಬರುತ್ತಿತ್ತು. ಒಂದು ಅಂಶವನ್ನು ಬದಲಿಸಿದರೂ ಫಲಿತಾಂಶ ಬದಲಾಗದ ಪ್ರಯೋಗದಿಂದ ಆ ಅಂಶದ ಬಗ್ಗೆ ಏನೂ ತಿಳಿಯುವುದಿಲ್ಲ. ಹೊಂದಾಣಿಕೆಯ ಬೆಲೆ ತಿಳಿಯಬೇಕಾದರೆ ತಾರೆಗಳಿದ್ದೂ ಸೋತ ತಂಡವನ್ನು ನೋಡಬೇಕು.

ಅದು ಸಿಕ್ಕಿದ್ದು 2004ರ ಅಥೆನ್ಸ್‌ನಲ್ಲಿ. ಅಲೆನ್ ಐವರ್ಸನ್, ಟಿಮ್ ಡಂಕನ್, ಹರೆಯದ ಲೆಬ್ರಾನ್ ಜೇಮ್ಸ್ ಎಲ್ಲರೂ ಇದ್ದ ಅಮೆರಿಕದ ತಂಡ ಮೊದಲ ಪಂದ್ಯದಲ್ಲೇ ಪೋರ್ಟರಿಕೋ ಎಂಬ ಪುಟ್ಟ ದ್ವೀಪಕ್ಕೆ 92-73ರಿಂದ ಸೋತಿತು. ಆ ದಿನ ಮೂರು ಪಾಯಿಂಟಿಗೆ 24 ಸಲ ಎಸೆದು ಒಳಗೆ ಹಾಕಿದ್ದು ಮೂರೇ ಮೂರು. ದೂರದಿಂದ ಹೊಡೆಯುವವರಿಲ್ಲವೆಂದು ತಿಳಿದ ಎದುರಾಳಿಗಳು ಬುಟ್ಟಿಯ ಸುತ್ತ ಕೋಟೆ ಕಟ್ಟಿ ನಿಂತರು. ನುಗ್ಗುವವರಿಗೆ ಸಂದೇ ಸಿಗಲಿಲ್ಲ. ಮುಂದೆ ಲಿಥುವೇನಿಯಾಕ್ಕೂ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾಕ್ಕೂ ಸೋತು ಕಂಚಿಗೆ ಇಳಿದರು. ಆ ತಂಡದಲ್ಲೂ ಒಬ್ಬ ಹೊಸಬನಿದ್ದ. ಅದೇ ವರ್ಷ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಪ್ರಶಸ್ತಿ ತಂದು ಬಂದಿದ್ದ ಎಮೆಕಾ ಒಕಾಫೋರ್. ಅವನು ಅಂಕಣಕ್ಕೆ ಇಳಿದದ್ದೇ ಅಪರೂಪ. ಗೆಲ್ಲುವ ತಂಡದಲ್ಲಿ ಹನ್ನೆರಡನೆಯವನಿಗೆ ಕಲಿಯಲು ನಾಲ್ಕು ನಿಮಿಷ ಸಿಗುತ್ತದೆ, ತಿಣುಕುವ ತಂಡದಲ್ಲಿ ಅದೂ ಇಲ್ಲ.

ಎಂಟು ವರ್ಷಗಳ ನಂತರ ಇನ್ನೊಬ್ಬ ಬಂದ. ಆಂಟನಿ ಡೇವಿಸ್, ವಯಸ್ಸು 19. 2012ರ ಏಪ್ರಿಲ್‌ನಲ್ಲಿ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಆಡಿ ಕಾಲೇಜು ಪ್ರಶಸ್ತಿ ಗೆದ್ದ; ಜೂನ್‌ನಲ್ಲಿ ಎನ್.ಬಿ.ಎ. ಆಯ್ಕೆಯಲ್ಲಿ ಮೊದಲಿಗನಾದ; ಗಾಯಗೊಂಡ ಆಟಗಾರನೊಬ್ಬನ ಬದಲಿಗೆ ಲಂಡನ್ ಒಲಿಂಪಿಕ್ಸ್‌ನ ತಂಡ ಸೇರಿದ. ಈ ಹುಡುಗನ ಕಾಲೇಜು ಫೈನಲ್‌ನ ಅಂಕಪಟ್ಟಿ ನೋಡುವಂತಿದೆ. ಹತ್ತು ಬಾರಿ ಎಸೆದು ಒಂದೇ ಒಂದು ಬುಟ್ಟಿಗೆ ಬಿದ್ದಿತ್ತು, ಫ್ರೀ ಥ್ರೋ ಸೇರಿ ಒಟ್ಟು ಆರು ಪಾಯಿಂಟ್. ಆದರೆ 16 ರೀಬೌಂಡ್ ಹಿಡಿದಿದ್ದ, ಆರು ಎಸೆತಗಳನ್ನು ತಡೆದಿದ್ದ, ಐದು ಬಾರಿ ಇತರರಿಗೆ ಬುಟ್ಟಿ ಮಾಡಿಕೊಟ್ಟಿದ್ದ, ಮೂರು ಬಾರಿ ಚೆಂಡು ಕಸಿದಿದ್ದ. ಪಂದ್ಯಾವಳಿಯ ಶ್ರೇಷ್ಠ ಆಟಗಾರನೆಂಬ ಗೌರವ ಅವನಿಗೇ ಹೋಯಿತು. ಚೆಂಡಿಲ್ಲದೆ ಆಡುವುದನ್ನು ಲೇಟ್ನರ್ ಮತ್ತೆ ನೆನಪಿಸಿಕೊಳ್ಳಬೇಕಾಗಿತ್ತು, ಡೇವಿಸ್‌ಗೆ ಅದೇ ಹೊಟ್ಟೆಪಾಡು. ಲಂಡನ್‌ನಲ್ಲಿ ಚಿನ್ನ ಗೆದ್ದ ಅವನು 2024ರ ಪ್ಯಾರಿಸ್‌ನಲ್ಲೂ ಚಿನ್ನದ ತಂಡದಲ್ಲಿದ್ದ.

ಪ್ಯಾರಿಸ್‌ಗೆ ಮೊದಲು ಲಾಸ್ ವೇಗಾಸ್‌ನಲ್ಲಿ ಈ ತಂಡದ ಎದುರು ಅಭ್ಯಾಸಕ್ಕೆಂದು ಬಂದವರಲ್ಲಿ 17 ವರ್ಷದ ಕೂಪರ್ ಫ್ಲ್ಯಾಗ್ ಇದ್ದ. ಇನ್ನೂ ಕಾಲೇಜಿಗೇ ಕಾಲಿಟ್ಟಿರಲಿಲ್ಲ, ಸೇರಲಿದ್ದುದು ಡ್ಯೂಕ್. ಅಮೆರಿಕದ ತಂಡದ ವ್ಯವಸ್ಥಾಪಕ ನಿರ್ದೇಶಕನಾಗಿ ಅಲ್ಲಿ ನಿಂತಿದ್ದವನು, ಲಾ ಹೋಯಾದಲ್ಲಿ ಜೋರ್ಡಾನ್ ಬಳಗವನ್ನು ಸೋಲಿಸಿದ ಹುಡುಗರಲ್ಲೊಬ್ಬನಾದ ಅದೇ ಗ್ರಾಂಟ್ ಹಿಲ್.

ಮುಂದಿನ ಬಾರಿ ಟಿ.ವಿ.ಯಲ್ಲಿ ಬಾಸ್ಕೆಟ್‌ಬಾಲ್ ಬಂದಾಗ, ಅಥವಾ ನಿಮ್ಮ ಕಾಲೇಜಿನ ಅಂಕಣದಲ್ಲೇ ಆಟವಿದ್ದಾಗ, ಒಂದು ಪ್ರಯೋಗ ಮಾಡಿ. ಚೆಂಡನ್ನು ಮರೆತು ಒಬ್ಬನೇ ಆಟಗಾರನ ಮೇಲೆ ಐದು ನಿಮಿಷ ಕಣ್ಣಿಡಿ. ತಂಡದ ತಾರೆಯನ್ನಲ್ಲ, ಬೇರೆ ಯಾರನ್ನಾದರೂ. ಗಡಿಯಾರ ಹಿಡಿದು ಚೆಂಡು ಅವನ ಕೈಯಲ್ಲಿ ಎಷ್ಟು ಸೆಕೆಂಡು ಇತ್ತೆಂದು ಬರೆಯಿರಿ. ಉಳಿದ ಹೊತ್ತು ಎಷ್ಟು ಸಲ ಸುಮ್ಮನೆ ನಿಂತ, ಎಷ್ಟು ಸಲ ಯಾರಿಗೋ ಅಡ್ಡ ನಿಂತ, ತನ್ನವನು ಹೊಡೆದಾಗ ರೀಬೌಂಡ್‌ಗೆ ಓಡಿದನೋ ನೋಡುತ್ತ ನಿಂತನೋ, ಅದನ್ನೂ ಬರೆಯಿರಿ. ಅಂಕಣದ ಬದಿಯಲ್ಲಿ ಕುಳಿತು ಮಾಡಿದರೆ ಇನ್ನೂ ಒಳ್ಳೆಯದು. ನಮ್ಮ ಕ್ಯಾಮೆರಾ ನಿಮಗೆ ಇಡೀ ಐದು ನಿಮಿಷ ಅವನನ್ನು ತೋರಿಸುವುದಿಲ್ಲ.

ಬಾರ್ಸಿಲೋನಾದ ನಂತರ ಲೇಟ್ನರ್ ಮಿನ್ನೆಸೋಟ ತಂಡಕ್ಕೆ ಹೋದ. 1992ರ ಎನ್.ಬಿ.ಎ. ಆಯ್ಕೆಯಲ್ಲಿ ಓನೀಲ್ ಮೊದಲಿಗ, ಅಲೊಂಜೊ ಮೋರ್ನಿಂಗ್ ಎರಡನೆಯವನು, ಲೇಟ್ನರ್ ಮೂರನೆಯವನು. ಮಿನ್ನೆಸೋಟ ಆ ವರ್ಷ 82 ಪಂದ್ಯಗಳಲ್ಲಿ ಗೆದ್ದದ್ದು 19. ಅಲ್ಲಿ ಚೆಂಡಿಗೆ ಬರವಿರಲಿಲ್ಲ, ಲೇಟ್ನರ್‌ನ ಸರಾಸರಿ 18 ಪಾಯಿಂಟ್ ದಾಟಿತು. ಒಳ್ಳೆಯ ಆಟಗಾರನೆನಿಸಿ 1997ರಲ್ಲಿ ಆಲ್-ಸ್ಟಾರ್ ಪಂದ್ಯಕ್ಕೂ ಆಯ್ಕೆಯಾದ. ಆದರೆ ಡ್ರೀಮ್ ಟೀಮಿನ ಉಳಿದ ಹನ್ನೊಂದು ಮಂದಿಯ ಎತ್ತರಕ್ಕೆ ಏರಲಿಲ್ಲ. 2010ರಲ್ಲಿ ಇಡೀ ತಂಡಕ್ಕೆ ಬಾಸ್ಕೆಟ್‌ಬಾಲಿನ ಕೀರ್ತಿಭವನದಲ್ಲಿ ಸ್ಥಾನ ಸಿಕ್ಕಾಗ ಅವನೂ ಆ ಗೌರವದಲ್ಲಿ ಪಾಲು ಪಡೆದ. ಹದಿಮೂರು ವರ್ಷ, ಆರು ತಂಡಗಳಿಗೆ ಆಡಿದ ಅವನ ಕೊನೆಯ ತಂಡ ಮಯಾಮಿ ಹೀಟ್. 2005ರ ವಸಂತದಲ್ಲಿ ಆ ತಂಡದ ಬೆಂಚಿನತ್ತ ನೋಡಿದ್ದರೆ 1992ರ ಆಯ್ಕೆಯ ಮೊದಲ ಮೂವರೂ ಒಂದೇ ಬಣ್ಣದ ಅಂಗಿಯಲ್ಲಿ ಕಾಣುತ್ತಿದ್ದರು. ಬುಟ್ಟಿಯ ಕೆಳಗಿನ ಮುಖ್ಯ ಜಾಗ ಓನೀಲ್‌ನದು. ಅವನು ದಣಿದು ಬಂದು ಕುಳಿತಾಗ ಮೋರ್ನಿಂಗ್ ಅಥವಾ ಲೇಟ್ನರ್ ಎದ್ದು ಹೋಗುತ್ತಿದ್ದರು.